ನೆಟ್ಟಗಾದ ಸ್ಟೇರಿಂಗು

"ಯಾವಾಕಿನ್ಲೇ ಮುಂದಿನ ಸೀಟಿನ್ಯಾಗ ಕುಂದ್ರಿಸಿದ್ದಿ? ಬೊಗಳಲೇ ಬೋಳಿಮಗನ!"

ಉಜ್ಜಿನಪ್ಪಗೌಡ ಕಟ್ಟೆಯ ಮೇಲೆ ನಿಂತು ಕೂಗಿದ ರಭಸಕ್ಕೆ ಬಾಯೊಳಗಿನ ಎಲೆಯಡಿಕೆ ತಿಪ್ಪೇಶನ ಅಂಗಿಯ ಮೇಲೆ ಸಿಡಿಯಿತು. ತಿಪ್ಪೇಶ ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅದಕ್ಕೊಂದು ಬೈಗುಳ ಬೇರೆ ಬೀಳುತ್ತದೆ ಎಂಬುದು ವರ್ಷಗಳಿಂದ ಗೌಡರ ಕ್ರೂಸರ್ ಗಾಡಿ ಓಡಿಸಿಕೊಂಡಿರುವ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ನನ್ನ ಹೇಣ್ತಿ ಕುಂತಿದ್ಲ್ರಿ ಗೌಡ್ರ. ಬಸರಿ ಅದಾಳ. ಹಿಂದ ಉಸರಾಡಾಕ ಜಾಗ ಇರಲಿಲ್ಲ, ವಾಂತಿ ಮಾಡಿಕೊಳ್ಳಾಕತ್ತಿದ್ಲು. ಅದಕ್ಕ..."

"ಕೇಳಿದ್ರ್ಯಾ ಸ್ವಾಮೇರ?"

ಕಂಬಕ್ಕೊರಗಿ ಕೂತಿದ್ದ ಕೊಟ್ರಸ್ವಾಮಿ ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದ. ಊರಿನ ಪೂಜೆ, ಮುಹೂರ್ತ, ದೃಷ್ಟಿ ತೆಗೆಯುವುದು ಎಲ್ಲವೂ ಅವನದೇ. "ನಾ ಹೇಳಿದ್ದು ಅದನ್ನ ಅಲ್ರೇನು? ದೇವ್ರ ಫೋಟೋ ಇರೋ ಗಾಡಿ. ಕೇರಿಯಾಕಿ, ಅದೂ ಬಸರಿ, ದೇವ್ರ ಮಕದ ಮುಂದ ಕಾಲು ಚಾಚಿ ಕುಂತಾಳ. ಗಾಡಿ ಸೊಟ್ಟ ಹೋಗದ ಇನ್ನೇನು ನೆಟ್ಟಗ ಹೋಕತೇನು?"

ಗಾಡಿ ಸೊಟ್ಟ ಹೋಗುತ್ತಿದ್ದುದು ನಿಜ. ಆದರೆ ಯಾವಾಗಿನಿಂದ ಎಂಬುದು ತಿಪ್ಪೇಶನಿಗೂ ಗೊತ್ತು, ಗೌಡರ ಮಗ ಚೇತನನಿಗೂ ಗೊತ್ತು. ಮೊನ್ನೆ ಹರಪನಹಳ್ಳಿ ಬಸ್‌ಸ್ಟ್ಯಾಂಡಿನ ಎದುರು ಚೇತನ ಒಂದು ಕೈಯಲ್ಲಿ ಮೊಬೈಲು ಹಿಡಿದು, ಇನ್ನೊಂದು ಕೈಯಲ್ಲಿ ಗಾಡಿ ತಿರುಗಿಸಲು ಹೋಗಿ, ಎಡಗಡೆಯ ಮುಂದಿನ ಗಾಲಿಯನ್ನು ಫುಟ್‌ಪಾತಿನ ಅಂಚುಗಲ್ಲಿಗೆ ಹಾಯಿಸಿದ್ದ. ಪಕ್ಕದಲ್ಲಿ ಕೂತಿದ್ದ ತಿಪ್ಪೇಶ ನಾಲಿಗೆ ಕಚ್ಚಿಕೊಂಡು ರಕ್ತ ಬಂದಿತ್ತು. ಅಂದಿನಿಂದ ಗಾಡಿ ನೆಟ್ಟಗೆ ಹೋಗಬೇಕೆಂದರೆ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿ ಹಿಡಿದುಕೊಂಡೇ ಇರಬೇಕು. ಕೈ ಸಡಿಲ ಬಿಟ್ಟರೆ ಎಡಗಡೆಯ ಚರಂಡಿಗೆ ಎಳೆಯುತ್ತದೆ. ಗುಂಡಿಗೆ ಇಳಿದಾಗಲೆಲ್ಲ ಕೆಳಗಿನಿಂದ ಕಟಕ್ ಎನ್ನುತ್ತದೆ.

"ಗೌಡ್ರ, ಅವತ್ತು ಚಿಕ್ಕಗೌಡ್ರು ಕಲ್ಲಿಗೆ..."

ಮಾತು ಮುಗಿಯುವ ಮೊದಲೇ ಗೌಡನ ಚಪ್ಪಲಿ ಬಂದು ತಿಪ್ಪೇಶನ ಎದೆಗೆ ಬಡಿಯಿತು. "ನನ್ನ ಮಗನ ಮ್ಯಾಲೆ ಹಾಕ್ತೀಯಾ? ನಾಲಿಗಿ ಸೀಳಿಬಿಡ್ತೀನಿ ಸೂಳಿಮಗನ! ಕರಿ ನಿನ್ನ ಹೇಣ್ತಿನ್ನ. ಆಕಿನೇ ಬಂದು ತೊಳೀಲಿ."

ಚೌಡಕ್ಕ ಬಂದಳು. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸಗಣಿ, ಗಂಜಳ ಕಲಸಿದ ನೀರಿನಿಂದ ಸೀಟು ತೊಳೆದಳು. ಕೂತರೆ ಮೈಲಿಗೆಯಾಗುವ ಸೀಟು ಆಕೆಯೇ ತೊಳೆದರೆ ಮಡಿಯಾಗುವುದು ಹೇಗೆಂದು ಅಲ್ಲಿದ್ದ ಯಾರೂ ಕೇಳಲಿಲ್ಲ. ಬಕೆಟ್ಟು ಹಿಡಿದು ನಿಂತಿದ್ದ ತಿಪ್ಪೇಶನಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ.

"ನಾಳಿ ಬೆಳಿಗ್ಗಿ ಸ್ವಾಮೇರು ಪೂಜಿ ಮಾಡ್ತಾರ," ಎಂದ ಗೌಡ. "ಅಷ್ಟರಾಗ ಕೊಟ್ಟೂರಿಗೆ ಹೋಗಿ ಮಾಬುಸಾಬಗ ಒಂದೀಟು ತೋರಿಸ್ಕೆಂಡು ಬಾ."

ದೇವರ ಮೇಲೆ ಎಷ್ಟೇ ಭಾರ ಹಾಕಿದರೂ ಗೌಡ ಅಷ್ಟು ದಡ್ಡನಲ್ಲ.

ಕೊಟ್ಟೂರಿನ ಮೆಕ್ಯಾನಿಕ್ ಮಾಬುಸಾಬನ ಶೆಡ್ಡು ಗೌಡನದೇ ಜಾಗದಲ್ಲಿತ್ತು. ಮಾಬುಸಾಬ ಮೊದಲು ಎಡಗಾಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಟೈರಿನ ಒಳಮಗ್ಗುಲಿಗೆ ಕೈಯಾಡಿಸಿದ. ಅಲ್ಲಿ ಕೋಳಿಮೊಟ್ಟೆಯಷ್ಟು ದಪ್ಪನೆಯ ಉಬ್ಬು ಎದ್ದಿತ್ತು. ಟೈರು ಕೂರುವ ಕಬ್ಬಿಣದ ಡಿಸ್ಕಿನ ಅಂಚು ಒಳಗೆ ಮಡಚಿಕೊಂಡಿತ್ತು. ಜಾಕು ಕೊಟ್ಟು ಗಾಲಿ ಎತ್ತಿದ. ಎರಡೂ ಮಗ್ಗುಲು ಹಿಡಿದು ಅಲುಗಿಸಿದ, ಆಮೇಲೆ ಮೇಲೂ ಕೆಳಗೂ ಹಿಡಿದು ಅಲುಗಿಸಿದ. ಗಾಲಿ ಬೀಳುವ ಹಲ್ಲಿನಂತೆ ಆಡಿತು. ಅವನ ಮುಖ ಗಂಟಿಕ್ಕಿತು.

"ಬಾಲೇ ಇಲ್ಲಿ. ಬಟ್ಟು ಇಡು ಇದರ ಮ್ಯಾಲೆ."

ತಿಪ್ಪೇಶ ಗಾಡಿಯ ಕೆಳಗೆ ನುಸುಳಿ ಬೆರಳಿಟ್ಟ. ಮಾಬುಸಾಬ ಗಾಲಿ ಅಲುಗಿಸಿದಾಗಲೆಲ್ಲ ಬೆರಳ ಕೆಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತಿತ್ತು.

"ಗಾಲಿ ತಿರುವೋ ಟೈ ರಾಡು ಬಗ್ಗೈತಿ. ಅದರಾಗ ಹೆಂಗರ ಹೋಗಬೌದಿತ್ತು. ಇದು ನೋಡು, ಗಾಲಿ ಹಿಡಕೊಂಡಿರೋ ಕೆಳಗಿನ ಬಾಲ್ ಜಾಯಿಂಟು, ಬಾಯಿ ಬಿಟ್ಟೈತಿ. ಇದು ಕಳಚಿತು ಅಂದ್ರ ಗಾಲಿ ಒಂದು ಕಡಿ, ಗಾಡಿ ಒಂದು ಕಡಿ. ನೀ ಸ್ಟೇರಿಂಗು ತಿರುವಿಕೆಂತ ಕುಂತಿರಬೇಕು ಅಷ್ಟ."

"ಯಾವಾಗ ಕಳಚತೈತಿ ಭಾಯಿ?"

"ಅದೇನು ನನಗ ಹೇಳಿ ಕಳಚತೇನು? ಇವತ್ತೂ ಆಗಬೌದು, ವಾರ ಬಿಟ್ಟೂ ಆಗಬೌದು. ಸಾಮಾನು ದಾವಣಗೇರಿಯಿಂದ ತರಿಸಬೇಕು. ಅಲ್ಲಿ ಮಟ ಮಂದಿನ್ನ ಹತ್ತಿಸಬ್ಯಾಡ."

ತಿಪ್ಪೇಶನ ಕಣ್ಣ ಮುಂದೆ ಹಲವಾಗಲು ಊರಿನ ದಾರಿ ಬಂತು. ಅಲ್ಲಿ ಹೊಳೆದಂಡೆಯ ಗೌಡರ ಗದ್ದೆಯಲ್ಲಿ ನಾಟಿ ಸುರುವಾಗಿತ್ತು. ದಿನಾ ಬೆಳಿಗ್ಗೆ ಕೇರಿಯ ಹೆಂಗಸರನ್ನೆಲ್ಲ ತುಂಬಿಕೊಂಡು ಹೋಗುವುದು ಅವನ ಕೆಲಸ. ದಾರಿಯಲ್ಲಿ ಹಳ್ಳಕ್ಕೊಂದು ಸೇತುವೆ, ಅದರ ಎಡಗಡೆಯ ತಡೆಗೋಡೆ ಹೋದ ಮಳೆಗಾಲದಲ್ಲೇ ಕೊಚ್ಚಿಹೋಗಿದೆ. ಆ ಗಾಡಿಯಲ್ಲಿ ಚೌಡಕ್ಕನೂ ಇರುತ್ತಾಳೆ.

ತಿಪ್ಪೇಶ ಫೋನು ಹಚ್ಚಿ ಹೇಳಿದರೆ ಗೌಡ ಮಾಬುಸಾಬನಿಗೆ ಕೊಡು ಎಂದ. ಸ್ಪೀಕರು ಹಾಕದಿದ್ದರೂ ಅವನ ದನಿ ಶೆಡ್ಡಿಗೆಲ್ಲ ಕೇಳುತ್ತಿತ್ತು.

"ಸಸಿ ಕಿತ್ತು ಇಟ್ಟೈತೋ ಸಾಬ, ಬಾಡಿ ಹೋಕತಿ! ಸ್ಟೇರಿಂಗು ಸೊಟ್ಟ ಕಾಣತೈತಲ್ಲ, ಅದನ್ನ ಬಿಚ್ಚಿ ನೆಟ್ಟಗ ಕುಂದ್ರಿಸು. ಉಳಿದದ್ದು ನಾಟಿ ಮುಗದ ಮ್ಯಾಲೆ ನೋಡೂನು. ಆಗಲ್ಲ ಅಂದ್ರ ಹೇಳು, ಶೆಡ್ಡು ಬ್ಯಾರೆವ್ರಿಗೆ ಕೊಡ್ತೀನಿ."

ಮಾಬುಸಾಬ ಫೋನು ತಿಪ್ಪೇಶನಿಗೆ ಕೊಟ್ಟು ಕೈ ಒರೆಸಿಕೊಂಡ. ಆಮೇಲೆ ಸ್ಟೇರಿಂಗಿನ ನಟ್ಟು ಬಿಚ್ಚಿ, ಚಕ್ರವನ್ನು ಕಿತ್ತು, ನೆಟ್ಟಗೆ ಕಾಣುವಂತೆ ಹಲ್ಲು ಹೊಂದಿಸಿ ಮತ್ತೆ ಕೂರಿಸಿದ. ಕೆಳಗಿನ ಮುರುಕಲು ಹಾಗೆಯೇ ಉಳಿಯಿತು.

"ಮಾಫ್ ಮಾಡಲೇ ತಿಪ್ಪೇಶ," ಎಂದ, ಮುಖ ಆ ಕಡೆ ಮಾಡಿ.

ಅಂದು ಸಂಜೆ ತಿಪ್ಪೇಶ ಚೌಡಕ್ಕನಿಗೆ ಎಲ್ಲ ಹೇಳಿದ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ನಾ ಗಾಡಿ ಹೊಡಿಯಲ್ಲ ಅಂದುಬಿಡು."

"ನಾ ಬಿಟ್ರ ಚೇತನ ಹೊಡೀತಾನ. ಅವನ ಕೈಯಾಗ ನೀವೆಲ್ಲಾ ಉಳಿತೀರೇನು? ನೀನರ ಮನಿಯಾಗ ಇರು."

"ನಾ ಒಬ್ಬಾಕಿ ಉಳದು ಏನು ಮಾಡ್ಲಿ?" ಎಂದಳು ಚೌಡಕ್ಕ. ಹಂಚಿನ ಮೇಲಿನ ರೊಟ್ಟಿ ಸೀದು ಕರ್ರಗಾಯಿತು.

ಬೆಳಿಗ್ಗೆ ಗೌಡನ ಮನೆ ಮುಂದೆ ಕೊಟ್ರಸ್ವಾಮಿ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು, ಸ್ಟೇರಿಂಗಿಗೆ ವಿಭೂತಿ ಬಳಿದು, ಕಾಯಿ ಒಡೆದ. ತಿಪ್ಪೇಶ ಗಾಡಿಯನ್ನು ಒಂದಿಷ್ಟು ಮುಂದೆ ಬಿಟ್ಟ. ನಿಂಬೆಹಣ್ಣು ಪಚಕ್ಕೆಂದವು. ಸ್ಟೇರಿಂಗು ಗೆರೆ ಎಳೆದಂತೆ ನೆಟ್ಟಗಿತ್ತು.

"ನೋಡ್ರಿ!" ಎಂದು ಗೌಡ ನಾಟಿಗೆ ಹೊರಟು ನಿಂತಿದ್ದ ಕೇರಿಯ ಹೆಂಗಸರ ಕಡೆ ತಿರುಗಿದ. "ಸೊಟ್ಟ ಐತೇನು? ಹತ್ರಿ, ಹತ್ರಿ, ಹೊತ್ತಾತು."

"ಹತ್ತಬ್ಯಾಡ್ರೆವ್ವಾ," ತಿಪ್ಪೇಶ ತಗ್ಗಿದ ದನಿಯಲ್ಲಿ ಅವರಲ್ಲಿ ಹಿರಿಯಳಾದ ಅಂಜಿನಕ್ಕನಿಗೆ ಹೇಳಿದ. "ಗಾಲಿ ಸಡ್ಲಾಗೈತಿ. ಇದು ಬರೇ ಕಣ್ಣಿಗೆ ನೆಟ್ಟಗ."

"ಸುಮ್ನಿರಲೇ ತಮ್ಮಾ. ಸ್ವಾಮೇರು ಕಾಯಿ ಒಡದಾರ, ನಮ್ಮ ಕಣ್ಣ ಮುಂದ ನೆಟ್ಟಗಾತು. ಕೂಲಿ ತಪ್ಪಿಸಬ್ಯಾಡ ನಮ್ಮದು," ಎಂದು ಅಂಜಿನಕ್ಕ ಬುತ್ತಿ ಹಿಡಿದು ಹಿಂದಿನಿಂದ ಹತ್ತಿದಳು. ಉಳಿದವರೂ ಒತ್ತಿಕೊಂಡು ಹತ್ತಿದರು.

ತಿಪ್ಪೇಶ ಇಂಜಿನು ಬಂದ್ ಮಾಡಿ ಗೌಡನತ್ತ ನೋಡಿದ. "ಗೌಡ್ರ, ನಾ ಹೊಡಿಯಲ್ರಿ."

"ಇಳಿಲೇ ಹಂಗಾರ. ಚೇತನ, ನೀ ಹತ್ತು."

ಒಳಗಿನಿಂದ ಚೇತನ ಹಲ್ಲುಜ್ಜುತ್ತ ಬಂದ. ಇಳಿದರೆ ಹುಡುಗನ ಕೈಗೆ ಗಾಡಿ, ಇಳಿಯದಿದ್ದರೆ ತನ್ನ ಕೈಯಾರೆ. ನಿಧಾನವಾಗಿ ಹೋದರೆ ಸೇತುವೆ ದಾಟಬಹುದೇನೋ ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಮತ್ತೆ ಚಾವಿಗೆ ಕೈ ಹಾಕಿದ.

ಆಗ ಎಡಗಡೆಯ ಬಾಗಿಲು ತೆರೆಯಿತು. ಚೌಡಕ್ಕ ಹತ್ತಿ ಮುಂದಿನ ಸೀಟಿನಲ್ಲಿ, ದೇವರ ಫೋಟೋದ ಎದುರಿಗೆ ಕೂತಳು.

ಹಿಂದೆ ಕೂತಿದ್ದ ಹೆಂಗಸರು ಕತ್ತು ಚಾಚಿ ನೋಡಿದರು.

"ಈಗ ಮೈಲಿಗಿ ಆತಲ್ರಿ ಸ್ವಾಮೇರ," ಎಂದಳು. "ಇನ್ನೊಮ್ಮಿ ತೊಳದು, ಪೂಜಿ ಮಾಡೋ ಮಟ ಗಾಡಿ ಹೊಂಡಂಗಿಲ್ಲ."

ಕೊಟ್ರಸ್ವಾಮಿ ಗೌಡನ ಮುಖ ನೋಡಿದ. ಗೌಡ ಏರುತ್ತಿದ್ದ ಬಿಸಿಲು ನೋಡಿದ, ಗದ್ದೆಯಲ್ಲಿ ಬಾಡುತ್ತಿರುವ ಸಸಿ ನೆನೆದ. ಸಿಟ್ಟನ್ನು ನುಂಗಿಕೊಂಡು ಕೈಬೀಸಿದ.

"ಕುಂದ್ರಲಿ ಬಿಡಲೇ. ಇವತ್ತು ಮೈಲಿಗಿ ಗೀಲಿಗಿ ಏನಿಲ್ಲ. ಹೊಡಿ ಗಾಡಿ."

"ಹೌದೌದು, ದುಡಿಮಿಗೆ ಹೊಂಟ ಗಾಡಿಗೆ ದೋಷ ಇರಂಗಿಲ್ಲ," ಎಂದ ಕೊಟ್ರಸ್ವಾಮಿ.

ಹಿಂದಿನಿಂದ ಅಂಜಿನಕ್ಕನ ದನಿ ಬಂತು. "ನಿನ್ನಿ ಆ ಬಸರಿ ಹೆಂಗಸಿನ ಕೈಲೆ ಸಗಣಿ ನೀರು ಹಾಕ್ಸಿದ್ರಿ. ಇವತ್ತು ಹೆಂಗ ದೋಷ ಇಲ್ಲ? ಹಂಗಾರ ನಿನ್ನಿದೂ ಸುಳ್ಳೇ. ಈ ಪೂಜಿನೂ ಸುಳ್ಳೇ." ಆಕೆ ಬುತ್ತಿಗಂಟು ಎತ್ತಿಕೊಂಡು ಇಳಿದಳು. "ಇಳೀರೇ ಎಲ್ಲಾರೂ. ತಿಪ್ಪೇಶ ಹೇಳಿದ್ದ ಖರೇ."

ಒಬ್ಬೊಬ್ಬರೇ ಇಳಿಯತೊಡಗಿದರು. ಗೌಡನ ಮುಖ ಕಪ್ಪಿಟ್ಟಿತು. "ಯಾವಾಕಿ ಇಳಿತೀರಿ ನೋಡ್ತೀನಿ! ಚೇತನ, ಆ ಚಾವಿ ಕಸಗಾ!"

ತಿಪ್ಪೇಶ ತಡವರಿಸುತ್ತಿರುವಾಗಲೇ ಚೌಡಕ್ಕ ಬಗ್ಗಿ ಚಾವಿ ಕಿತ್ತುಕೊಂಡು ತನ್ನ ಕುಪ್ಪಸದೊಳಗೆ ಇಳಿಬಿಟ್ಟಳು. ಸೆರಗು ಎಳೆದುಕೊಂಡು ನೆಟ್ಟಗೆ ಕೂತಳು.

"ಇಲ್ಲೈತಿ. ಬರ್ರಿ ಗೌಡ್ರ, ಮುಟ್ಟಿ ತಗಳ್ರಿ."

ಗೌಡ ಕಟ್ಟೆಯಿಂದ ದಡದಡ ಇಳಿದು ಬಂದ. ಕಿಟಕಿಯವರೆಗೂ ಬಂದ ಅವನ ಕೈ ಅಲ್ಲಿಯೇ ನಿಂತಿತು. ಇಡೀ ಬೀದಿ ಆ ಕೈಯನ್ನೇ ನೋಡುತ್ತಿತ್ತು. ಮುಂದೆ ಚಾಚಲೂ ಆಗಲಿಲ್ಲ, ಹಿಂದೆ ತೆಗೆಯಲೂ ಆಗಲಿಲ್ಲ. ಕೊನೆಗೆ ತಿರುಗಿ ನೋಡದೆಯೇ ಮಗನಿಗೆ ಹೇಳಿದ.

"ಒಳಗ ಹೋಗಿ ಬಡಿಗಿ ತಗಂಬಾ."

ಚೇತನ ಒಳಗೆ ಓಡಿದ. ತಿಪ್ಪೇಶ ಗಾಡಿಯಿಂದಿಳಿದು, ಸುತ್ತಿ ಬಂದು, ಗೌಡನಿಗೂ ಹೆಂಡತಿಯ ಬಾಗಿಲಿಗೂ ನಡುವೆ ನಿಂತ. ಅವನ ಮಗ್ಗುಲಿಗೆ ಅಂಜಿನಕ್ಕ ಬಂದಳು. ಆಕೆಯ ಹಿಂದೆ ಉಳಿದವರು ಬಂದರು. ಗೌಡನ ಉಸಿರು ಮುಖಕ್ಕೆ ಬಡಿಯುವಷ್ಟು ಹತ್ತಿರವಿದ್ದರೂ ಯಾರೂ ಸರಿಯಲಿಲ್ಲ. ಒಳಮನೆಯಿಂದ ಚೇತನನ ಹೆಜ್ಜೆಯ ಸಪ್ಪಳ ತಿರುಗಿ ಬರುತ್ತಿತ್ತು.