ಸೋಮವಾರ, ಐದನೇ ತಾರೀಕು

"ಚೆಕ್ ಹಾಕಿದ್ರೆ ಬುಧವಾರ ಆಗ್ತದೆ ಕಣಮ್ಮ. ನಿಂಗೆ ದುಡ್ಡು ಬೇಕಾಗಿರೋದು ಸೋಮವಾರಕ್ಕೆ," ಎಂದು ಪರಮಶಿವಯ್ಯ ಚೆಕ್ಕನ್ನು ಕೌಂಟರಿನ ಕಂಡಿಯಿಂದ ಈಚೆಗೆ ತಳ್ಳಿದರು.

ಯಮುನಾ ಅದನ್ನು ಮುಟ್ಟಲಿಲ್ಲ. ಮುಟ್ಟಿದರೆ ವಾಪಸು ತೆಗೆದುಕೊಂಡ ಹಾಗಾಗುತ್ತದೆ ಅನ್ನಿಸಿತು. ಹಾಲ್ಕುರಿಕೆಯಿಂದ ಬೆಳಗಿನ ಬಸ್ಸಿಗೆ ತಿಪಟೂರಿಗೆ ಬಂದು, ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದವಳು ಅವಳು. ಇವತ್ತೇ ತಂದುಕೊಟ್ಟಿದ್ದೇನಲ್ಲ, ಎರಡು ದಿನ ಮುಂಚೆಯೇ ತಂದಿದ್ದೇನಲ್ಲ ಎಂದು ಹೇಳಿ ನೋಡಿದಳು.

ಪರಮಶಿವಯ್ಯ ಕನ್ನಡಕ ತೆಗೆದಿಟ್ಟು ನಿಧಾನವಾಗಿ ತಿಳಿಸಿದರು. ಚೆಕ್ಕು ಅಂದರೆ ಬರೀ ಕಾಗದ. ಅದು ಬರೆದುಕೊಟ್ಟವರ ಬ್ಯಾಂಕಿಗೆ ಹೋಗಿ ಬರುವ ತನಕ ಖಾತೆಯಲ್ಲಿ ಇರುವುದು ಮುನ್ನೂರ ಹದಿನೆಂಟು ರೂಪಾಯಿ ಮಾತ್ರ. ಸೋಮವಾರ ಐದನೇ ತಾರೀಕು, ಬೆಳಿಗ್ಗೆ ತಾವೆಲ್ಲ ಬರುವ ಮೊದಲೇ ಕಂಪ್ಯೂಟರು ತಾನಾಗಿ ವಿಮೆಯ ಕಂತು ಸಾವಿರದ ನಾನೂರ ಅರವತ್ತನ್ನು ಹಿಡಿದುಕೊಳ್ಳುತ್ತದೆ. ಆ ಹೊತ್ತಿಗೆ ದುಡ್ಡು ಇರಲಿಲ್ಲವೋ, ಹತ್ತು ಗಂಟೆಗೆ ಬಂದು ಸುರಿದರೂ ಉಪಯೋಗವಿಲ್ಲ. ನಾಳೆ ಭಾನುವಾರ. ಇವತ್ತು ಶನಿವಾರ, ನಗದು ತೆಗೆದುಕೊಳ್ಳುವುದು ಹನ್ನೆರಡರವರೆಗೆ.

ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಇತ್ತು.

ಅವರು ಅವಳು ತಂದ ವಿಮೆ ಕಂಪನಿಯ ಕಾಗದವನ್ನು ಮತ್ತೊಮ್ಮೆ ಓದಿದರು. ಡಿಸೆಂಬರಿನ ಕಂತು ದುಡ್ಡಿಲ್ಲದೆ ತಪ್ಪಿದೆ, ಮಾರ್ಚಿನದೂ ತಪ್ಪಿದರೆ ಪಾಲಿಸಿ ರದ್ದು ಎಂದು ಬರೆದಿತ್ತು. ರದ್ದಾದ ಮೇಲೆ ಮತ್ತೆ ಮಾಡಿಸಬಹುದೇ ಎಂದು ಅವಳು ಕೇಳಿದಳು. ಮಾಡಿಸಬಹುದು, ಆದರೆ ಡಾಕ್ಟರು ಪರೀಕ್ಷೆ ಮಾಡಿ ಆರೋಗ್ಯವಾಗಿದ್ದಾರೆ ಎಂದು ಬರೆದುಕೊಡಬೇಕು ಎಂದರು ಪರಮಶಿವಯ್ಯ.

"ಯಜಮಾನ್ರು ಚೆನ್ನಾಗಿದಾರಲ್ಲ?"

"ಹ್ಞೂ," ಎಂದಳು ಯಮುನಾ. ಚೆಕ್ಕನ್ನು ಎತ್ತಿಕೊಂಡು ಹೊರಗೆ ಬಂದಳು.

ನಾಲ್ಕು ವರ್ಷದ ಹಿಂದೆ ಆ ಪಾಲಿಸಿ ಮಾಡಿಸಿದಾಗ ಶಿವಮೂರ್ತಿ ನಿಜವಾಗಿಯೂ ಚೆನ್ನಾಗಿದ್ದ. ತೆಂಗಿನಕಾಯಿ ಸುಲಿಯುವುದರಲ್ಲಿ ಸುತ್ತಲ ಹಳ್ಳಿಗಳಲ್ಲಿ ಅವನ ಸಮಕ್ಕೆ ನಿಲ್ಲುವವರಿರಲಿಲ್ಲ. ನೆಲಕ್ಕೆ ನೆಟ್ಟ ಕಬ್ಬಿಣದ ಸುಲಿಗೋಲಿನ ಮುಂದೆ ನಿಂತರೆ ಸಂಜೆಯೊಳಗೆ ಸಾವಿರ ಕಾಯಿ. ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಇರಲಿ ಎಂದು ಏಜೆಂಟನ ಮಾತಿಗೆ ಸಹಿ ಹಾಕಿದ್ದ. ಕಳೆದ ನವೆಂಬರಿನಲ್ಲಿ ಒಂದು ಬೆಳಿಗ್ಗೆ ಸುಲಿಯುತ್ತಿದ್ದವನು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ಸಿಪ್ಪೆಯ ರಾಶಿಯ ಮೇಲೆ ಕೂತುಬಿಟ್ಟ. ಬೆಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದರು. ಖಾತೆಯಲ್ಲಿದ್ದುದೆಲ್ಲ ಅಲ್ಲಿಗೆ ಹೋಯಿತು. ಹೃದಯ ಹಿಗ್ಗಿಹೋಗಿದೆ, ಕಾಲು ಭಾಗವೂ ಕೆಲಸ ಮಾಡುತ್ತಿಲ್ಲ, ಮಾತ್ರೆ ಕೊಡುತ್ತಾ ಹೋಗಿ, ಇಷ್ಟು ದಿನ ಅಂತ ಹೇಳಲಾಗುವುದಿಲ್ಲ ಎಂದು ಡಾಕ್ಟರು ಅವಳಿಗೂ ಅವಳ ಅಣ್ಣನಿಗೂ ವಾರ್ಡಿನ ಬಾಗಿಲಾಚೆ ನಿಂತು ಹೇಳಿದ್ದರು. ಶಿವಮೂರ್ತಿಗೆ ಮಾತ್ರ ಗ್ಯಾಸು, ನಿಶ್ಶಕ್ತಿ ಎಂದು ಹೇಳಿ ಕರೆದುಕೊಂಡು ಬಂದಿದ್ದರು. ಅವಳು ಅದನ್ನು ತವರಿನಲ್ಲಿ ತಾಯಿಗೂ ಬಾಯಿಬಿಟ್ಟಿರಲಿಲ್ಲ.

ಕಾಗದ ಸಿಕ್ಕಿದ್ದು ನಿನ್ನೆ ಸಂಜೆ, ಒಗೆಯಲು ತೆಗೆದ ಅವನ ಅಂಗಿಯ ಜೇಬಿನಲ್ಲಿ. ಜನವರಿಯಲ್ಲೇ ಬಂದಿದ್ದ ಕಾಗದ. ಮಡಿಕೆಗಳಲ್ಲಿ ಹರಿಯುವ ಹಾಗಾಗಿತ್ತು. ದೊಡ್ಡ ಮಗಳಿಂದ ಹಿತ್ತಲಲ್ಲಿ ಓದಿಸಿಕೊಂಡಳು. ಅವನನ್ನು ಕೇಳಲಿಲ್ಲ. ಮಾತ್ರೆ ಮುಗಿದಿವೆ, ತರಬೇಕು ಎಂದು ಹೇಳಿ ಬೆಳಿಗ್ಗೆ ಹೊರಟಿದ್ದಳು.

ಶನಿವಾರ ತಿಪಟೂರಿನಲ್ಲಿ ಕೊಬ್ಬರಿಗೆ ಬೆಲೆ ಕಟ್ಟುವ ಟೆಂಡರು. ಮಾರುಕಟ್ಟೆಯ ಕಡೆ ಹೋಗುವ ರಸ್ತೆಯಲ್ಲಿ ಚೀಲ ತುಂಬಿದ ಗಾಡಿ, ಟೆಂಪೋ, ಟ್ರಾಕ್ಟರುಗಳು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ನಿಂತಿದ್ದವು. ಅವಳು ಅವುಗಳ ಸಂದಿಯಲ್ಲಿ ಸೆರಗು ಹಿಡಿದುಕೊಂಡು ನಡೆದಳು. ಚೆಕ್ಕು ಕೊಟ್ಟವರು ಮಂಡಿಯ ಶ್ರೀರಂಗಯ್ಯ. ಮನೆಯ ಇಪ್ಪತ್ತೈದು ಮರಗಳ ಕೊಬ್ಬರಿಯನ್ನು ಹೋದ ವಾರ ಅವರಿಗೇ ಹಾಕಿದ್ದಳು, ಕೈಯಲ್ಲಿ ನಗದಿಲ್ಲ ಎಂದು ಎರಡು ಸಾವಿರದ ಮುನ್ನೂರಕ್ಕೆ ಚೆಕ್ಕು ಬರೆದಿದ್ದರು. ಅಂಗಡಿಯಲ್ಲಿ ಅವರಿರಲಿಲ್ಲ. ಮಾರುಕಟ್ಟೆಯ ಯಾರ್ಡಿನಲ್ಲಿ ಹುಡುಕುವಷ್ಟರಲ್ಲಿ ಹನ್ನೊಂದೂಕಾಲು ಆಗಿತ್ತು.

ಶ್ರೀರಂಗಯ್ಯ ಒಂದು ರಾಶಿಯ ಮುಂದೆ ಬಗ್ಗಿ ಕೊಬ್ಬರಿ ಒಡೆದು ನೋಡುತ್ತಿದ್ದರು. ಟೆಂಡರು ಮುಗಿಯುವವರೆಗೆ ಯಾರ ಹತ್ತಿರವೂ ದುಡ್ಡು ಆಡುವುದಿಲ್ಲ, ತನ್ನ ಚೆಕ್ಕು ಒಂದು ಸಲವೂ ಹಿಂದಕ್ಕೆ ಬಂದದ್ದಿಲ್ಲ, ಬೇಕಿದ್ದರೆ ಬುಧವಾರ ಬಾ ಎಂದರು. ಅಷ್ಟು ಹೇಳಿ ಮುಂದಿನ ರಾಶಿಗೆ ಹೋದರು. ಯಮುನಾ ಅಲ್ಲಿಗೂ ಹೋದಳು. ಮೂರನೆಯ ರಾಶಿಗೂ ಹೋಗಿ ನಿಂತಾಗ ಅವರು ತಲೆಯೆತ್ತಿದರು.

"ಏನಮ್ಮ, ಒಂದ್ಸಲ ಹೇಳಿದ್ರೆ ಆಗಲ್ವಾ?"

"ನಮ್ಮೆಜಮಾನ್ರು ಉಳಿಯಲ್ಲ ಕಣ್ರೀ," ಎಂದಳು ಯಮುನಾ. "ಇನ್ಶೂರೆನ್ಸ್ ಕಟ್ಬೇಕು. ಹನ್ನೆರಡರೊಳಗೆ ಕಟ್ಬೇಕು."

ತನ್ನ ದನಿ ಪಕ್ಕದಲ್ಲಿ ಇನ್ಯಾರೋ ಮಾತಾಡಿದ ಹಾಗೆ ಅವಳಿಗೆ ಕೇಳಿಸಿತು. ಮೂರು ತಿಂಗಳಿಂದ ಬಾಯೊಳಗೆ ತಡೆದಿಟ್ಟುಕೊಂಡ ಮಾತು ಇಷ್ಟು ಚಿಕ್ಕದಾಗಿತ್ತು. ಅದನ್ನು ಹೇಳಿದ್ದು ಕೊಬ್ಬರಿ ರಾಶಿಯ ಮುಂದೆ, ಬಂಧುವಲ್ಲದ ಒಬ್ಬ ಗಂಡಸಿಗೆ.

ಶ್ರೀರಂಗಯ್ಯ ಕೈಯಲ್ಲಿದ್ದ ಕೊಬ್ಬರಿ ಹೋಳನ್ನು ರಾಶಿಗೆ ಹಾಕಿದರು. ಸುಲಿಯೋ ಶಿವಮೂರ್ತಿಯಾ ಎಂದು ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಅವರು ಒಳಂಗಿಯ ಜೇಬಿಗೆ ಕೈ ಹಾಕಿ ಇದ್ದುದನ್ನು ತೆಗೆದರು, ಪಕ್ಕದ ಮಂಡಿಯವರ ಹತ್ತಿರ ಹೋಗಿ ಇನ್ನು ಸ್ವಲ್ಪ ಇಸಕೊಂಡು ಬಂದರು. ಸಾವಿರದ ಐನೂರು ಆಯಿತು. ಚೆಕ್ಕನ್ನು ತಾವೇ ಇಟ್ಟುಕೊಂಡು, ಉಳಿದದ್ದು ಬುಧವಾರ ಎಂದರು.

"ಅವನಿಗೆ ಗೊತ್ತಾ?"

"ಇಲ್ಲ."

 ನಡೆದರೆ ಹೊತ್ತಾಗುತ್ತೆ, ಆಟೋದಲ್ಲಿ ಹೋಗು ಎಂದು ಅವರು ಮೇಲೆ ಹತ್ತು ರೂಪಾಯಿ ಕೊಟ್ಟರು.

ಆಟೋ ಮಾರುಕಟ್ಟೆಯ ಗೇಟಿನಲ್ಲೇ ಟ್ರಾಕ್ಟರುಗಳ ಹಿಂದೆ ಸಿಕ್ಕಿಕೊಂಡಿತು. ಕೊನೆಗೆ ಅವಳು ಇಳಿದು ಓಡಿದಳು. ಬ್ಯಾಂಕಿಗೆ ಬಂದಾಗ ಹನ್ನೆರಡು ದಾಟಿ ಆರು ನಿಮಿಷ. ಕ್ಯಾಷಿಯರು ನೋಟಿನ ಕಂತೆಗಳಿಗೆ ರಬ್ಬರು ಹಾಕುತ್ತಿದ್ದ. ಮುಗೀತು, ಸೋಮವಾರ ಬನ್ನಿ ಎಂದ. ಯಮುನಾ ದುಡ್ಡನ್ನು ಕಂಡಿಯ ಕೆಳಗೆ ಇಟ್ಟು ಅದರ ಮೇಲೆ ಅಂಗೈ ಊರಿದಳು. ಏದುಸಿರು ಬಿಡುತ್ತಿದ್ದರೂ ಕೈ ತೆಗೆಯಲಿಲ್ಲ. ಅವನು ಇನ್ನೆರಡು ಕಂತೆ ಕಟ್ಟಿದ. ಆ ಕಡೆಯ ಮೇಜಿನಿಂದ ಪರಮಶಿವಯ್ಯ ಎದ್ದು ಬಂದರು. ಇನ್ನೂ ಲೆಕ್ಕ ಮುಚ್ಚಿಲ್ಲವಲ್ಲ, ತಗೋ ಎಂದು ಕ್ಯಾಷಿಯರಿಗೆ ಹೇಳಿ, ಹಣ ಕಟ್ಟುವ ಚಲನ್ ತಾವೇ ಬರೆದು ಅವಳ ಮುಂದೆ ಸಹಿಗೆ ಇಟ್ಟರು.

ಸೋಮವಾರ ತಾನು ಬರಬೇಕೇ ಎಂದು ಅವಳು ಕೇಳಿದಳು. ಬೇಡ, ಅದರ ಪಾಡಿಗೆ ಅದು ಹೋಗುತ್ತದೆ ಎಂದರು. ಯಾರ ಕೈಯೂ ಮುಟ್ಟದೆ ದುಡ್ಡು ಹೇಗೆ ಹೋಗುತ್ತದೆ ಎನ್ನುವುದು ಅವಳಿಗೆ ಅರ್ಥವಾಗಲಿಲ್ಲ. ಮಾತ್ರೆ ಕೊಂಡು ಎರಡು ಗಂಟೆಯ ಬಸ್ಸಿಗೆ ಊರಿಗೆ ಬಂದಳು.

ಭಾನುವಾರ ಮಧ್ಯಾಹ್ನ ಮಕ್ಕಳಿಬ್ಬರೂ ಕೆರೆಗೆ ಬಟ್ಟೆ ಒಗೆಯಲು ಹೋಗಿದ್ದರು. ಶಿವಮೂರ್ತಿ ಹಿತ್ತಲಿನಿಂದ ಎರಡು ಮೆಟ್ಟಿಲು ಹತ್ತಿ ಬಂದವನು ಕಂಬ ಹಿಡಿದು ನಿಂತ, ಹಾಗೇ ಜಾರಿ ಕೂತ. ತುಟಿ ಕಪ್ಪಿಟ್ಟಿತ್ತು. ಉಸಿರು ಎಳೆದರೆ ಕತ್ತಿನ ನರಗಳು ಎದ್ದು ಕಾಣುತ್ತಿದ್ದವು. ಯಮುನಾ ಅವನನ್ನು ಕಂಬಕ್ಕೆ ಒರಗಿಸಿ, ನಾಲಿಗೆಯ ಕೆಳಗೆ ಮಾತ್ರೆ ಇಟ್ಟು, ಮೊರದಿಂದ ಗಾಳಿ ಹಾಕಿದಳು. ಹಾಕುತ್ತಲೇ, ಇವತ್ತು ಭಾನುವಾರ, ನಾಳೆ ಬೆಳಗಾಗಲಿ, ನಾಳೆಯ ತನಕ ತಡೀಲಿ ಎಂದು ಒಳಗೊಳಗೇ ಅಂದುಕೊಳ್ಳುತ್ತಿದ್ದಳು.

ತಾನು ಏನು ಅಂದುಕೊಳ್ಳುತ್ತಿದ್ದೇನೆ ಎಂದು ಗೊತ್ತಾದಾಗ ಮೊರ ನಿಂತುಹೋಯಿತು. ಅವನು ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದ. ಅವಳು ಮತ್ತೆ ಬೀಸಿದಳು. ಅವನ ಉಸಿರು ಒಂದು ಹದಕ್ಕೆ ಬಂದ ಮೇಲೆ ಒಳಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ನಿಂತಳು. ತಾನು ಬೇಡಿಕೊಂಡದ್ದು ಅವನಿಗಾಗಿಯೋ ಸೋಮವಾರಕ್ಕಾಗಿಯೋ ಬಿಡಿಸಿ ನೋಡಲು ಹೋದಷ್ಟೂ ಸಿಕ್ಕಾಗುತ್ತಿತ್ತು.

ಬೇಡ ಅಂದಿದ್ದರೂ ಸೋಮವಾರ ಅವಳು ಬ್ಯಾಂಕಿಗೆ ಹೋದಳು. ಪರಮಶಿವಯ್ಯ ಪಾಸ್‌ಬುಕ್ಕನ್ನು ಮೆಷೀನಿಗೆ ಕೊಟ್ಟರು. ಅದು ಕಿರ್ರೆಂದು ಎರಡು ಸಾಲು ಒತ್ತಿ ಹೊರಗೆ ಹಾಕಿತು. ಶನಿವಾರ ಅವಳು ಕಟ್ಟಿದ ಸಾವಿರದ ಐನೂರು ಒಂದು ಸಾಲು. ಅದರ ಕೆಳಗೆ ಐದನೇ ತಾರೀಕು, ಕಂತಿನ ಸಾವಿರದ ನಾನೂರ ಅರವತ್ತು. ಶಾಯಿ ಇನ್ನೂ ಒಣಗಿರಲಿಲ್ಲ, ಅವಳ ಬೆರಳಿಗೆ ಅಂಟಿತು.

ಊರಿಗೆ ಬಂದಾಗ ಶಿವಮೂರ್ತಿ ಜಗಲಿಯ ಮೇಲೆ ಕೂತಿದ್ದ.

"ಆಯ್ತಾ?" ಎಂದ.

 ಅವಳು ಪಕ್ಕದಲ್ಲಿ ಕೂತಳು.

"ಕಾಗ್ದ ಜೇಬಲ್ಲಿರ್ಲಿಲ್ಲ," ಎಂದ. ಆಮೇಲೆ, "ಗ್ಯಾಸಿಗೆ ಯಾರಾದ್ರೂ ನಾಕ್ ಥರ ಮಾತ್ರೆ ಕೊಡ್ತಾರೇನೇ?"

ಯಮುನಾಳ ಕಣ್ಣು ತುಂಬಿದ್ದನ್ನು ಅವನು ನೋಡಲಿಲ್ಲ, ಅಥವಾ ನೋಡದ ಹಾಗೆ ರಸ್ತೆಯ ಕಡೆಗೇ ಮುಖ ಮಾಡಿಕೊಂಡಿದ್ದ. ಮುಂದಿನ ಕಂತು ಯಾವಾಗ ಎಂದು ಕೇಳಿದ. ಜೂನ್ ಐದು, ಹಿಂದಿನ ದಿನವೇ ದುಡ್ಡು ಖಾತೆಯಲ್ಲಿರಬೇಕು, ಚೆಕ್ಕು ನಡೆಯುವುದಿಲ್ಲ ಎಂದು ಅವಳು ಪರಮಶಿವಯ್ಯ ಹೇಳಿದ್ದನ್ನೆಲ್ಲ ಹೇಳಿದಳು. ಅವನು ಮಾರ್ಚಿನಿಂದ ಜೂನಿನವರೆಗೆ ಬೆರಳು ಮಡಿಸಿ ಎಣಿಸಿದ.

"ಅದನ್ನ ನಾನೇ ಹೋಗಿ ಕಟ್ಬತ್ತೀನಿ ಬುಡು," ಎಂದ.

ಬಿಸಿಲು ಏರಿತ್ತು. ಅಂಗಳದ ಆಚೆ ಕಟ್ಟಿದ್ದ ಎಮ್ಮೆ ನೆರಳು ಸರಿದುಹೋಗಿ ಬಿಸಿಲಲ್ಲಿ ನಿಂತಿತ್ತು. ಶಿವಮೂರ್ತಿ ಜಗಲಿಯಿಂದ ಇಳಿದು ಅದರ ಕಡೆ ನಡೆದ. ಗೂಟದ ಹಗ್ಗ ಬಿಚ್ಚಿ, ಅದನ್ನು ಹುಣಸೆಮರದ ಕಡೆಗೆ ಹೊಡೆದುಕೊಂಡು ಹೊರಟ. ದಾರಿಯಲ್ಲಿ ಎರಡು ಸಲ ನಿಂತ. ಅವನು ನಿಂತಾಗ ಎಮ್ಮೆಯೂ ನಿಂತಿತು. ಯಮುನಾ ಎದ್ದು ಜಗಲಿಯ ಅಂಚಿನವರೆಗೆ ಬಂದವಳು, ಹತ್ತಿರ ಹೋಗದೆ, ಕಂಬ ಹಿಡಿದುಕೊಂಡು ನೋಡುತ್ತಾ ನಿಂತಳು.