ಎರಡನೆಯ ಕುರ್ಚಿ

"ಬಾಯಿ ಬಿಟ್ಟೆಯೋ, ನೋಡು!" ಎಂದಳು ಡೆಲ್ಫಾ.

ಏನೋ ಹೇಳಹೊರಟಿದ್ದ ಅವಳ ಅಣ್ಣ ಹೋಬರ್ಟ್ ತುಟಿ ಮುಚ್ಚಿ, ಅಡುಗೆಮನೆಯ ಕಡೆ ಕೈ ತೋರಿಸಿದ. ಫ್ರಿಜ್ ಗುಂಯ್‌ಗುಡುತ್ತಿತ್ತು. ಅವಳು ಹೋಗಿ ಅದರ ಪ್ಲಗ್ ಕಿತ್ತಳು. ಗೋಡೆ ಗಡಿಯಾರವನ್ನು ಆಗಲೇ ಟವೆಲಿನಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿಯಾಗಿತ್ತು. ನಾಯಿಯನ್ನು ಹೊಗೆಸೊಪ್ಪು ಒಣಹಾಕುವ ಕೊಟ್ಟಿಗೆಯಲ್ಲಿ ಕಟ್ಟಿಯಾಗಿತ್ತು.

ಮರುದಿನ ಬೆಳಿಗ್ಗೆ ಲೆಕ್ಸಿಂಗ್ಟನ್ನಿನ ಆಸ್ಪತ್ರೆಯಲ್ಲಿ ಅಣ್ಣನ ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು. ಗಡ್ಡೆ ಅದಕ್ಕೇ ಅಂಟಿಕೊಂಡಿತ್ತು. ಜೀವ ಉಳಿಯುತ್ತದೆ, ಧ್ವನಿ ಉಳಿಯುವುದಿಲ್ಲ ಎಂದು ಡಾಕ್ಟರು ಸುತ್ತಿ ಬಳಸದೆ ಹೇಳಿದ್ದರು. ಅವರ ಕಣಿವೆಯ ಚರ್ಚಿನಲ್ಲಿ ವಾದ್ಯವಿಲ್ಲ. ಹಿರಿಯನೊಬ್ಬ ಎದ್ದು ಒಂದು ಸಾಲು ಕೊಡುತ್ತಾನೆ. ಕುಳಿತವರೆಲ್ಲ ಅದನ್ನು ಎತ್ತಿಕೊಂಡು ಎಳೆದೆಳೆದು ಹಾಡುತ್ತಾರೆ. ಅಪ್ಪ ಹೋದ ಮೇಲೆ ಸಾಲು ಕೊಡುತ್ತಿದ್ದವನು ಹೋಬರ್ಟ್. ಅಪ್ಪ ಹಾಡುತ್ತಿದ್ದ ಹೊಳೆ ದಾಟುವ ಹಾಡಿನ ಧಾಟಿ ಪೂರ್ತಿಯಾಗಿ ಬರುತ್ತಿದ್ದುದು ಅವನೊಬ್ಬನಿಗೇ. ಅದನ್ನು ಒಂದು ಸಲ ಹಾಡಿ ರೆಕಾರ್ಡ್ ಮಾಡುವಷ್ಟಾದರೂ ಕಂಠ ಉಳಿಯಲೆಂದು ಅವನು ವಾರವಿಡೀ ಮಾತು ಬಿಟ್ಟು ಕುಳಿತಿದ್ದ.

ಅಡುಗೆಮನೆಯ ಊಟದ ಮೇಜಿನ ಮೇಲಿದ್ದ, ಮೈಕಿನ ದನಿ ಏರಿಳಿಸುವ ಮಿಕ್ಸರು ಡೆಲ್ಫಾಳಿಗೆ ತನ್ನ ಒಲೆಯಷ್ಟೇ ಪಳಗಿದ್ದು. ಚರ್ಚಿನ ಭಾನುವಾರದ ಹಾಡು ರೇಡಿಯೊದಲ್ಲಿ ಬರುತ್ತಿದ್ದ ಕಾಲದಲ್ಲಿ ಅದರ ಮುಂದೆ ಕೂರುತ್ತಿದ್ದವಳು ಅವಳೇ. ಪಕ್ಕದಲ್ಲಿದ್ದ ಕಂಪ್ಯೂಟರು ಮಾತ್ರ ಸೊಸೆಯಿಂದ ಎರವಲು ತಂದದ್ದು. ಎರಡರ ನಡುವೆ ತಂತಿ ಸಿಕ್ಕಿಸಿದಳು. ಮೈಕನ್ನು ಮುಂದಿನ ಕೋಣೆಯಲ್ಲಿ ಕುರ್ಚಿಯ ಎದುರು ನಿಲ್ಲಿಸಿ, ಬಾಗಿಲಿಗೆ ಕೌದಿ ಇಳಿಬಿಟ್ಟಿದ್ದಳು.

"ಒಬ್ಬನೇ ಸಾಲು ಕೊಟ್ರೆ ಎತ್ಕೊಳ್ಳೋರು ಯಾರೇ?" ಹೋಬರ್ಟ್ ಪಿಸುಗುಟ್ಟಿದ.

"ಎರಡನ್ನೂ ನೀನೇ ಹಾಡು. ಜನ ಸೇರಿದ್ರೆ ನಿನ್ನ ದನಿ ಮುಳುಗಿ ಹೋಗುತ್ತೆ."

"ನೀನೊಬ್ಬಳಾದ್ರೂ ಕೂತ್ಕೋ. ಇಲ್ದಿದ್ರೆ ಅದು ಹಾಡಲ್ಲ ಕಣೆ, ಗೊಣಗಾಟ."

"ನನ್ನ ಕಾಗೆ ಕಂಠ ಬೆರೆತ್ರೆ ಎಲ್ಲಾ ಕೆಟ್ಟೋಗುತ್ತೆ. ಗೊಣಗಿದ್ರೆ ಗೊಣಗು. ನಾಳೆಯಿಂದ ಅದೂ ಇರಲ್ಲ."

ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು. ಅವನು ಸದ್ದಿಲ್ಲದೆ ನಕ್ಕು, ಕೌದಿ ಸರಿಸಿ ಒಳಗೆ ಹೋದ.

ಡೆಲ್ಫಾ ಮಿಕ್ಸರಿಗೆ ಸಿಕ್ಕಿಸಿದ ಹೆಡ್‌ಫೋನ್ ಏರಿಸಿಕೊಂಡು ಕಂಪ್ಯೂಟರಿನ ಕೆಂಪು ಗುಂಡಿ ಒತ್ತಿದಳು. ಮೊದಲ ಸಾಲು ಒರಟಾಗಿ ಎದ್ದಿತು. ಎರಡನೆಯದಕ್ಕೆ ಗಂಟಲು ತೆರೆದುಕೊಂಡಿತು. ಮೂರನೆಯದರಲ್ಲಿ ಅಪ್ಪನೇ ಕೊರಳೆತ್ತಿದ ಹಾಗಾಯಿತು. ಅವಳ ಬೆರಳು ಮಿಕ್ಸರಿನ ಗುಂಡಿಯನ್ನು ಕೂದಲೆಳೆಯಷ್ಟು ಏರಿಸುತ್ತ, ಇಳಿಸುತ್ತ ಇತ್ತು. ಕಿವಿಯಲ್ಲಿ ಒಂದು ಕೊಂಕಿಲ್ಲ. ಕೊನೆಯ ಸಾಲಿಗೆ ಅವನು ಕೆಮ್ಮು ನುಂಗಿಕೊಂಡದ್ದೂ ಕೇಳಿಸಿತು. ಹಾಡು ಮುಗಿಯಿತು.

ಹೋಬರ್ಟ್ ಹೊರಗೆ ಬಂದಾಗ ಮುಖ ಬಿಳಿಚಿತ್ತು, ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದ. ಹಾಕು ಎಂದು ಸನ್ನೆ ಮಾಡಿದ.

ಅವಳು ಹಾಕಿದಳು. ಮೊದಲು ಕುರ್ಚಿಯ ಕಿರುಗುಟ್ಟುವಿಕೆ. ಆಮೇಲೆ ಯಾರದೋ ಏದುಸಿರು. ಗೋಡೆಯಾಚೆ ಎಲ್ಲೋ ದೂರದಲ್ಲಿ ಒಂದು ಗಂಡು ದನಿ, ಬಾವಿಗೆ ಬಿದ್ದವನು ಕೂಗಿದ ಹಾಗೆ. ಅದರ ಬೆನ್ನಿಗೇ, ತೀರ ಹತ್ತಿರದಲ್ಲಿ, ಹೆಣ್ಣು ದನಿಯೊಂದು ಆ ಸಾಲನ್ನು ಎತ್ತಿಕೊಂಡು ಗುನುಗುತ್ತಿತ್ತು.

ಆ ದನಿ ಡೆಲ್ಫಾಳದೇ. ತಾನು ಹಾಡುತ್ತಿದ್ದೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಕಂಪ್ಯೂಟರಿನ ಪರದೆಯ ನೆತ್ತಿಯ ಮೇಲೆ ಸೂಜಿಮೊನೆಯಷ್ಟು ತೂತಿತ್ತು, ಅದರ ಸ್ವಂತ ಮೈಕು. ಕಂಪ್ಯೂಟರು ಮಿಕ್ಸರಿನಿಂದ ಬಂದದ್ದನ್ನು ಬಿಟ್ಟು, ತನ್ನದೇ ಆ ಕಿವಿಯಿಂದ ಅಡುಗೆಮನೆಯನ್ನು ಕೇಳಿಸಿಕೊಂಡಿತ್ತು. ರೇಡಿಯೊದ ಕೋಣೆಯಲ್ಲಿ ಅವಳ ಕಿವಿಗೆ ಬಿದ್ದದ್ದೇ ಕಣಿವೆಗೆಲ್ಲ ಹೋಗುತ್ತಿತ್ತು. ಹಾಗಾಗಿ ಬೇರೆ ಯಾವುದನ್ನೂ ನೋಡಬೇಕೆಂದೇ ಅವಳಿಗೆ ಹೊಳೆದಿರಲಿಲ್ಲ.

"ಅಣ್ಣಾ..." ಎಂದಳು. "ತಪ್ಪು ನಂದು. ನಿನ್ನ ಹಾಡು ಇದರೊಳಗೆ ಹೋಗೇ ಇಲ್ಲ."

ಅವನು ತಲೆ ಎತ್ತಲಿಲ್ಲ. ಕೊನೆಯವರೆಗೂ ಕೇಳಿದ. ಕರವಸ್ತ್ರ ತೆಗೆದು ನೋಡಿ, ಮಡಿಚಿ ಜೇಬಿಗಿಟ್ಟ. ಅದರಲ್ಲಿದ್ದ ಕೆಂಪನ್ನು ಅವಳು ಕಂಡಳು.

"ಬೇಡ, ಇನ್ನೊಂದ್ಸಲ ಬೇಡವೇ ಬೇಡ," ಎಂದಳು.

ಹೋಬರ್ಟ್ ಎದ್ದು ಅಡುಗೆಮನೆಯ ಕುರ್ಚಿಯೊಂದನ್ನು ಎತ್ತಿಕೊಂಡ. ಅದನ್ನು ಮುಂದಿನ ಕೋಣೆಗೆ ಒಯ್ದು, ಮೈಕಿನ ಎದುರು ತನ್ನ ಕುರ್ಚಿಗೆ ಒತ್ತಿ ಇಟ್ಟ. ಕೌದಿಯನ್ನು ಕಿತ್ತು ನೆಲಕ್ಕೆ ಹಾಕಿ, ಅವಳತ್ತ ನೋಡುತ್ತ ನಿಂತ.

ಡೆಲ್ಫಾ ಪರದೆಯ ಮೇಲೆ ಹುಡುಕಿ ಹುಡುಕಿ ಮಿಕ್ಸರಿನ ಹೆಸರನ್ನು ಆರಿಸಿದಳು. ಹೋಗಿ ಉಗುರಿನಿಂದ ಮೈಕನ್ನು ತಟ್ಟುತ್ತ ಬಾಗಿಲಾಚೆ ನೋಡಿದಳು. ದನಿಯ ಮಟ್ಟ ತೋರುವ ಹಸಿರು ಗೆರೆ ಜಿಗಿಯಿತು. ಬಂದು ಸೂಜಿಮೊನೆಯ ತೂತನ್ನು ತಟ್ಟಿದಳು, ಗೆರೆ ಅಲುಗಲಿಲ್ಲ. ಕೆಂಪು ಗುಂಡಿ ಒತ್ತಿ, ಹೋಗಿ ಎರಡನೆಯ ಕುರ್ಚಿಯಲ್ಲಿ ಕುಳಿತಳು.

ಅವನು ಸಾಲು ಕೊಟ್ಟ. ಅದು ನಡುವೆಯೇ ಸೀಳಿತು. ಅವಳು ಎತ್ತಿಕೊಂಡಳು. ಎರಡನೆಯ ಸಾಲಿಗೆ ಅರ್ಧ ದನಿ, ಅರ್ಧ ಗಾಳಿ. ಅವಳು ಎತ್ತಿಕೊಂಡಳು. ಮೂರನೆಯದಕ್ಕೆ ಅವನ ತುಟಿಗಳಷ್ಟೇ ಆಡಿದವು, ಬಂದದ್ದು ಉಸಿರು. ಬಾಗಿಲಾಚೆ, ಪರದೆಯ ಮೇಲಿನ ಹಸಿರು ಗೆರೆ ಆ ಉಸಿರಿಗೂ ಚೂರು ಅಲುಗಿದ್ದು ಅವಳಿಗೆ ಕಂಡಿತು. ಆ ಸಾಲು ಎಲ್ಲಿ ಏರಬೇಕೆಂದು ಅವಳಿಗೆ ಗೊತ್ತಿತ್ತು. ಏರಿಸಿದಳು.

ಫ್ರಿಜ್ಜಿನ ಕೆಳಗಿನಿಂದ ಕರಗಿದ ನೀರು ಹಲಗೆ ನೆಲದ ಮೇಲೆ ಬಾಗಿಲು ದಾಟಿ ಮೆಲ್ಲಗೆ ಹರಿದು ಬಂದು, ಅವಳ ಕಾಲ್ಚೀಲವನ್ನು ಮುಟ್ಟಿತು. ಡೆಲ್ಫಾ ಕಾಲು ಕದಲಿಸದೆ ಮುಂದಿನ ಸಾಲಿಗೆ ಕಾದಳು.