ಕಲಶದ ನೀರು ಯಾರ ತಲೆಗೆ

ನನ್ನ ತಂಗಿ ಶಿವಬಸವ್ವ ಇದ್ದೊಬ್ಬ ಮಗನನ್ನು ಹರಕೆ ಹೊತ್ತು ಮಠಕ್ಕೆ ಕೊಟ್ಟಳು. ನಮ್ಮ ಮರೋಳದ ಕಡೆ ಹಾಗೆ ಉಡಿಯಿಂದ ಎತ್ತಿ ಕೊಟ್ಟ ಮಗ ತಿರುಗಿ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಹಡೆದ ತಾಯಿಯೇ ಅವನ ಕಾಲಿಗೆ ಬೀಳಬೇಕು. ಆ ಮಗ, ಗುರುಲಿಂಗ, ಮಠದಲ್ಲೇ ಬೆಳೆದ, ಓದಿದ. ಮುಪ್ಪಿನ ಸ್ವಾಮಿಗಳಿಗೆ ಕಣ್ಣು ಕಾಣದಾದ ಮೇಲೆ ಪೂಜೆ, ಪುರಾಣ ಎಲ್ಲ ಅವನದೇ. ಕೊನೆಗೆ ಅವರು ಊರ ಹಿರಿಯರನ್ನು ಕರೆಸಿ, ಅವನ ತಲೆಯ ಮೇಲೆ ಕೈಯಿಟ್ಟು, "ಈ ಗಾದಿ ಇವಂದು" ಎಂದರು.

ಅವರು ಲಿಂಗೈಕ್ಯರಾದದ್ದೇ ತಡ, ಮಠದ ಹಿರಿಯ ಬಸಯ್ಯನಿಗೆ ಜಾತಿ ನೆನಪಾಯಿತು. ನಾವು ಒಕ್ಕಲುತನದವರು, ಪಟ್ಟಕ್ಕೆ ತನ್ನಂಥ ಜಂಗಮರ, ಅಯ್ಯನವರ ಮಗನೇ ಬೇಕಂತೆ. ಇಳಕಲ್ಲಿನ ಅಡತಿ ಅಂಗಡಿಯಲ್ಲಿ ಕಾಳಿನ ದಲಾಲಿ ಮಾಡುತ್ತ ಕೂತಿದ್ದ ತನ್ನ ತಮ್ಮನ ಮಗನನ್ನು ಕರೆತಂದು ಕಾವಿ ಉಡಿಸಿದ. ಬಸವಣ್ಣನ ಪಟಕ್ಕೆ ಅದೇ ಕೈಯಿಂದ ಹೂವನ್ನೂ ಏರಿಸಿದ.

ಪಟ್ಟದ ದಿನ ನಾನು ಗುರುಲಿಂಗನ ರಟ್ಟೆ ಹಿಡಿದೆ. "ನಡಿ ಮನಿಗೆ."

"ಕೊಟ್ಟ ಮಗಗ ಮನಿ ಎಲ್ಲೈತಿ ಮಾಮಾ? ಅವ್ವನ ಹರಕಿ ಮುರೀಲೇನು?"

ಹಂದರದಲ್ಲಿ ಶಾಸ್ತ್ರಿಗಳು ಪುರಾಣ ಹೇಳುತ್ತಿದ್ದರು. "ಅರಸನ್ನ ಮಂದಿ ಆರಸೂದಿಲ್ಲ, ಶಿವ ಆರಸತಾನ. ಗಾದಿ ಖಾಲಿ ಆದಾಗ ಪಟ್ಟದ ಆನಿಗೆ ಮಾಲಿ ಕೊಟ್ಟು ಬಿಡತಿದ್ರು. ಅದು ಯಾರ ಕೊರಳಿಗೆ ಹಾಕಿತೋ ಅವನೇ ಅರಸ. ಕಲಶದ ನೀರು ತಲಿ ಮ್ಯಾಲ ಬಿತ್ತಂದ್ರ ಹಿಂದಿನ ಹುಟ್ಟು ತೊಳದು ಹೋಗತೈತಿ."

ನನಗೆ ತಡೆಯಲಾಗಲಿಲ್ಲ, ಎದ್ದು ನಿಂತೆ. "ಶಾಸ್ತ್ರಿಗಳ, ಆನಿ ಜಾತಿ ಕೇಳತಿತ್ತೇನ್ರಿ? ನೀರಿಗೆ ಹುಟ್ಟು ತೊಳಿಯೂ ತಾಕತ್ತು ಇದ್ರ ಗುರುಲಿಂಗನ ತಲಿ ಮ್ಯಾಲ ಯಾಕ ಸುರೀಬಾರದು?"

ಶಾಸ್ತ್ರಿಗಳು ಬಸಯ್ಯನ ಮುಖ ನೋಡಿದರು. ಬಸಯ್ಯ ಎಲೆಯಡಿಕೆ ಉಗುಳಿ ನಕ್ಕ.

"ಆನಿ ಮ್ಯಾಲ ಮಾವುತ ಇರ್ತಾನಲೇ ರಾಚಪ್ಪಾ. ಕುಂಡ್ರು."

ಹಂದರವೆಲ್ಲ ನಕ್ಕಿತು. ನಕ್ಕವರಲ್ಲಿ ಮುದಿ ಸ್ವಾಮಿಗಳು ಕೈಯಿಟ್ಟದ್ದನ್ನು ಕಣ್ಣಾರೆ ಕಂಡವರೂ ಇದ್ದರು. ಊರು ಅಂದರೆ ಇಷ್ಟೇ.

ನೀರು ಸುರಿದರು, ಕಿರೀಟ ಇಟ್ಟರು. ಅಡತಿ ಅಂಗಡಿಯವನು ದೇವರಾದ. ಜನ ಸಾಲುಗಟ್ಟಿ ಅವನ ಕಾಲಿಗೆ ಬೀಳತೊಡಗಿದರು. ಆದರೆ ಹರಸಲು ಅವನಿಗೆ ಒಂದು ಮಾತೂ ಬರುತ್ತಿರಲಿಲ್ಲ. ಬಸಯ್ಯ ಗುರುಲಿಂಗನನ್ನು ಗಾದಿಯ ಹಿಂದೆ ಕೂರಿಸಿದ. ಇವನು ಪಿಸುಮಾತಿನಲ್ಲಿ ಹೇಳಬೇಕು, ಅವನು ಗಟ್ಟಿಯಾಗಿ ಅನ್ನಬೇಕು.

ಸಾಲಿನಲ್ಲಿ ಶಿವಬಸವ್ವನ ಪಾಳಿ ಬಂತು. ಅವಳು ಬಾಗಿದಾಗ ಹಿಂದಿನಿಂದ ಮಗನ ದನಿ ಬಂತು: "ನಿನ್ನ ಹೊಟ್ಟಿ ತಣ್ಣಗಿರಲಿ, ತಾಯಿ."

ಹೊಸ ಸ್ವಾಮಿ ಬಾಯಿ ತೆರೆದ. ಶಿವಬಸವ್ವ ಕೈ ಅಡ್ಡ ಮಾಡಿದಳು.

"ನೀವು ಅನಬ್ಯಾಡ್ರಿ. ನನಗ ಮುಟ್ಟೇತಿ."

"ಮುಂದ ನಡೀಯವ್ವ, ಮಂದಿ ನಿಂತಾರ," ಎಂದು ಬಸಯ್ಯ ಗದರಿಸಿದ.

ಅವಳು ಸರಿದಳು. ಅವಳ ಹಿಂದಿದ್ದವರು ಬಾಗಿದರು. ಗುರುಲಿಂಗ ಮತ್ತೆ ಪಿಸುಗುಟ್ಟಿದ.